ಐದನೇ ತರಗತಿಗೆ ಬಂದರೂ ಓದಲು ಬಾರದ ಮಗು: ಎಲ್ಲಿ ನಿಂತಿದೆ ಎಂದು ಮೊದಲು ಹುಡುಕಿ

ಬೋರ್ಡಿನ ಮೇಲಿದ್ದುದನ್ನು ದುಂಡಗೆ ನೋಟ್‌ಬುಕ್ಕಿಗೆ ಇಳಿಸುತ್ತದೆ, ದಿನಾಂಕ ಹಾಕುತ್ತದೆ, ಕೆಳಗೆ ಗೆರೆ ಎಳೆಯುತ್ತದೆ. ಅದೇ ಪುಟದ ನಡುವಿನ ಒಂದು ಪದದ ಮೇಲೆ ಬೆರಳಿಟ್ಟು ಓದು ಎಂದರೆ ಮಾತ್ರ ಸುಮ್ಮನಾಗುತ್ತದೆ. ಸರ್ಕಾರಿ ಶಾಲೆಯ ನಾಲ್ಕು, ಐದನೇ ತರಗತಿಯಲ್ಲಿ ಪಾಠ ಮಾಡುವವರಿಗೆಲ್ಲ ಈ ಮಗುವಿನ ಪರಿಚಯವಿದೆ. ನಾವು ಸಾಮಾನ್ಯವಾಗಿ ಮಾಡುವುದೇನೆಂದರೆ, ‘ಇವನಿಗೆ ಅಕ್ಷರವೇ ಬರಲ್ಲ’ ಎಂದು ತೀರ್ಮಾನಿಸಿ ಮತ್ತೆ ಅ ಆ ಇ ಈ ಇಂದ ಶುರು ಮಾಡುತ್ತೇವೆ. ಮಗು ಅದನ್ನೂ ಬರೆಯುತ್ತದೆ. ಜೂನ್ ಕಳೆದು ದಸರಾ ಬಂದರೂ ಓದು ಮಾತ್ರ ಬರುವುದಿಲ್ಲ.

ಏಕೆಂದರೆ ಈ ಮಕ್ಕಳಲ್ಲಿ ಹೆಚ್ಚಿನವರಿಗೆ ಅಕ್ಷರ ಬರುತ್ತದೆ. ಅವರು ನಿಂತಿರುವುದು ಗುಣಿತದಲ್ಲಿ ಅಥವಾ ಒತ್ತಕ್ಷರದಲ್ಲಿ, ಅದರಲ್ಲೂ ಅದರೊಳಗಿನ ಒಂದೆರಡು ನಿರ್ದಿಷ್ಟ ಜಾಗಗಳಲ್ಲಿ. ಆ ಜಾಗ ಗೊತ್ತಾದರೆ ಅಲ್ಲಿಂದ ಮುಂದೆ ನಡೆಸಬಹುದು. ಗೊತ್ತಾಗದೆ ಎಲ್ಲವನ್ನೂ ಮತ್ತೆ ಕಲಿಸಿದರೆ ಮಗುವಿಗೂ ಬೇಸರ, ನಮ್ಮ ಸಮಯವೂ ಹೋಯಿತು.

ಹುಡುಕಲು ಒಂದು ಮಗುವಿಗೆ ಐದು ನಿಮಿಷ ಸಾಕು. ಒಂದು ಬಿಳಿ ಹಾಳೆಯಲ್ಲಿ ನಾಲ್ಕು ಸಾಲು ಪದಗಳನ್ನು ದೊಡ್ಡದಾಗಿ ಬರೆದುಕೊಳ್ಳಿ. ಚಿತ್ರ ಬೇಡ.

ಮೊದಲ ಸಾಲು, ಚಿಹ್ನೆಯೇ ಇಲ್ಲದವು: ಸರ, ದನ, ಕಮಲ, ಬಲ, ಗರಗಸ.
ಎರಡನೆಯದು, ಗುಣಿತ: ಬಾಲ, ಗಿಡ, ನೀರು, ಮಿಡಿ, ಹೂವು, ಮೇಕೆ, ಕೊಡ, ಕೋಳಿ.
ಮೂರನೆಯದು, ಸಜಾತೀಯ ಒತ್ತು (ಅದೇ ಅಕ್ಷರಕ್ಕೆ ಅದೇ ಒತ್ತು): ಅಕ್ಕ, ಕಪ್ಪೆ, ಹಲ್ಲು, ಬೆಣ್ಣೆ, ಕತ್ತೆ.
ನಾಲ್ಕನೆಯದು, ವಿಜಾತೀಯ ಒತ್ತು (ಬೇರೆ ಅಕ್ಷರದ ಒತ್ತು): ಚಂದ್ರ, ಪುಸ್ತಕ, ರಾತ್ರಿ, ಸೂರ್ಯ, ಪ್ರೀತಿ.

ಪ್ರತಿ ಸಾಲಿನ ಕೊನೆಗೆ ಅರ್ಥವೇ ಇಲ್ಲದ ಎರಡು ಪದ ಸೇರಿಸಿ. ಎರಡನೇ ಸಾಲಿಗೆ ‘ಸೊಮಿ’, ‘ಡೇಗು’ ಇದ್ದರೆ ಸಾಕು. ಚುರುಕಾದ ಮಗು ‘ಕೋ’ ನೋಡಿದೊಡನೆ ‘ಕೋಳಿ’ ಎಂದು ಊಹಿಸಿಬಿಡುತ್ತದೆ. ‘ಡೇಗು’ ಬಂದಾಗ ಊಹೆ ನಡೆಯುವುದಿಲ್ಲ. ಪಠ್ಯಪುಸ್ತಕ ಕೊಟ್ಟು ಪರೀಕ್ಷಿಸಬೇಡಿ. ಪಾಠವನ್ನು ಗುಂಪಿನಲ್ಲಿ ಹತ್ತು ಸಲ ಓದಿಸಿರುತ್ತೇವೆ, ಮಗುವಿಗೆ ಅದು ಬಾಯಿಪಾಠವಾಗಿರುತ್ತದೆ. ಪುಸ್ತಕವನ್ನೇ ಬಳಸಬೇಕಾಗಿ ಬಂದರೆ ಸಾಲಿನ ಕೊನೆಯ ಪದದಿಂದ ಹಿಂದಕ್ಕೆ ಒಂದೊಂದಾಗಿ ತೋರಿಸುತ್ತಾ ಬನ್ನಿ.

ಬೇರೆ ಮಕ್ಕಳ ಕಿವಿಗೆ ಬೀಳದ ಜಾಗದಲ್ಲಿ ಕೂರಿಸಿಕೊಳ್ಳಿ. ತಪ್ಪಿದ್ದನ್ನು ತಿದ್ದದೆ, ಮಗು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳಿ. ‘ಹಲ್ಲು’ ಎಂಬುದನ್ನು ‘ಹಲುಲ’ ಎಂದರೆ ‘ಹಲುಲ’ ಎಂದೇ ಬರೆಯಿರಿ. ಬರೀ ತಪ್ಪು ಗುರುತು ಹಾಕಿದರೆ ಮುಂದೇನು ಮಾಡಬೇಕೆಂಬುದು ಅದರಿಂದ ಗೊತ್ತಾಗುವುದಿಲ್ಲ. ‘ಹಲುಲ’ ಮಾತ್ರ ಪೂರ್ತಿ ಹೇಳುತ್ತದೆ. ಮಗು ಯಾವ ಸಾಲಿನಲ್ಲಿ ಎರಡು ಅಥವಾ ಹೆಚ್ಚು ಪದ ತಪ್ಪುತ್ತದೋ ಅಲ್ಲಿಂದಲೇ ಕಲಿಕೆ ಶುರು.

ಇಲ್ಲೊಂದು ಎಚ್ಚರ. ಹಳೇ ಮೈಸೂರು ಕಡೆಯ ಎಷ್ಟೋ ಮನೆಗಳಲ್ಲಿ ಹಾಲು ಎಂದರೆ ‘ಆಲು’. ಶ, ಷ ಎರಡನ್ನೂ ‘ಸ’ ಎನ್ನುವ ಮಕ್ಕಳು, ಮಹಾಪ್ರಾಣವನ್ನು ಅಲ್ಪಪ್ರಾಣವಾಗಿ ಹೇಳುವ ಮಕ್ಕಳು ಎಲ್ಲ ಕಡೆ ಇದ್ದಾರೆ. ಇವು ಮಾತಿನ ರೀತಿ, ಓದಿನ ತಪ್ಪಲ್ಲ. ‘ಹೂವು’ ಅನ್ನು ‘ಊವು’ ಎಂದು ಓದಿದ ಮಗು ಸರಿಯಾಗಿಯೇ ಓದಿದೆ. ಅಲ್ಲಿ ತಡೆದು ತಿದ್ದುತ್ತಾ ಕೂತರೆ ಮಗು ಬಾಯಿ ಬಿಡುವುದನ್ನೇ ನಿಲ್ಲಿಸುತ್ತದೆ. ಮನೆಯಲ್ಲಿ ಲಂಬಾಣಿ, ಉರ್ದು, ತೆಲುಗು, ಮರಾಠಿ ಆಡುವ ಮಕ್ಕಳಿಗೆ ಓದುವುದಕ್ಕೆ ಮುಂಚೆ ಆ ಪದದ ಅರ್ಥ ಗೊತ್ತಿದೆಯೇ ಎಂದು ಬಾಯಿಮಾತಲ್ಲೇ ಕೇಳಿ ನೋಡಿ. ಗೊತ್ತಿಲ್ಲದ ಪದವನ್ನು ಕೂಡಿಸಿ ಓದುವುದು ಯಾರಿಗಾದರೂ ಕಷ್ಟವೇ.

ಮೊದಲ ಸಾಲಿನಲ್ಲೇ ನಿಂತ ಮಕ್ಕಳು ಕಡಿಮೆ. ಅವರಿಗೆ ವರ್ಣಮಾಲೆಯ ಅನುಕ್ರಮ ಬೇಡ, ಸರ್ಕಾರಿ ಶಾಲೆಯ ಒಂದರಿಂದ ಮೂರನೇ ತರಗತಿಯ ಚಟುವಟಿಕೆ ಆಧಾರಿತ ಪದ್ಧತಿಯಾದ ನಲಿಕಲಿಯ ಅನುಕ್ರಮವೇ ಸರಿ. ರ, ಗ, ಸ, ದ, ಅ ಎಂಬ ಐದೇ ಅಕ್ಷರಗಳಲ್ಲಿ ಸರ, ರಸ, ಅಗಸ, ಅರಸ, ಗರಗಸ ಎಲ್ಲ ಸಿಗುತ್ತವೆ. ಮೊದಲ ದಿನವೇ ಮಗು ಪದ ಓದುತ್ತದೆ. ಆಮೇಲೆ ಜ, ವ, ಮ, ಬ, ನ. ಒಂದರಂತೆ ಇನ್ನೊಂದು ಕಾಣುವ ಪ–ಷ, ನ–ಸ, ರ–ಠ, ವ–ಮ ಜೋಡಿಗಳನ್ನು ಒಂದೇ ದಿನ ಕಲಿಸಬೇಡಿ; ಒಂದು ಗಟ್ಟಿಯಾದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ವ್ಯತ್ಯಾಸ ಎಲ್ಲಿದೆ ಎಂದು ಮಗು ತನ್ನ ಬೆರಳಲ್ಲೇ ತೋರಿಸಲಿ.

ಗುಣಿತ

ಹೆಚ್ಚು ಮಕ್ಕಳು ಸಿಕ್ಕಿಕೊಂಡಿರುವುದು ಇಲ್ಲಿ. ‘ಕಕ್ಕೆ ಇಳಿ ಕಾ, ಕಕ್ಕೆ ಗುಡಿಸು ಕಿ’ ಎಂದು ರಾಗವಾಗಿ ಕಾಗುಣಿತ ಹೇಳುವ ಮಗುವಿಗೆ ‘ಕೇ’ ಒಂದನ್ನೇ ತೋರಿಸಿ. ಅದು ತುಟಿಯಲ್ಲೇ ಕ ಕಾ ಕಿ ಕೀ ಎಂದು ಮೊದಲಿಂದ ಬಂದು ‘ಕೇ’ ಮುಟ್ಟುತ್ತದೆ. ಅದಕ್ಕೆ ಗೊತ್ತಿರುವುದು ಸಾಲು, ಚಿಹ್ನೆಯಲ್ಲ. ಕಾಗುಣಿತ ಕೋಷ್ಟಕವನ್ನು ದಿನಕ್ಕೊಂದು ಪುಟ ಬರೆಸುವುದರಿಂದ ಆ ಸಾಲು ಇನ್ನಷ್ಟು ಗಟ್ಟಿಯಾಗುತ್ತದೆ ಅಷ್ಟೆ. ಈ ಮಕ್ಕಳ ಮಟ್ಟಿಗೆ ಕೋಷ್ಟಕ ಬರೆಸುವುದನ್ನು ಪೂರ್ತಿ ಬಿಟ್ಟುಬಿಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಕೋಷ್ಟಕವನ್ನು ಅಡ್ಡಡ್ಡ ಕಲಿಸುವ ಬದಲು ಮೇಲಿಂದ ಕೆಳಕ್ಕೆ ಕಲಿಸಿ. ಒಂದು ವ್ಯಂಜನಕ್ಕೆ ಎಲ್ಲ ಸ್ವರಗಳನ್ನು ಹಚ್ಚುವುದಲ್ಲ. ಒಂದೇ ಸ್ವರಚಿಹ್ನೆಯನ್ನು ಹತ್ತು ಹನ್ನೆರಡು ವ್ಯಂಜನಗಳಿಗೆ ಹಚ್ಚುವುದು. ಇಳಿ ತೆಗೆದುಕೊಂಡರೆ ರಾ, ಗಾ, ಸಾ, ದಾ, ಮಾ, ಬಾ, ಕಾ. ಇಳಿ (ಕಾ), ಗುಡಿಸು (ಕಿ), ಕೊಂಬು (ಕು) ಈ ಮೂರು ಮೊದಲು. ಆಮೇಲೆ ಏತ್ವ (ಕೆ). ಅದಾದ ಮೇಲೆ ದೀರ್ಘ: ಕೀ, ಕೇ, ಕೋ ಮೂರರಲ್ಲೂ ಕೊನೆಗೆ ಬರುವ ದೀರ್ಘದ ಗುರುತು ಒಂದೇ. ಇದನ್ನು ಮಗುವಿಗೆ ತೋರಿಸಿಕೊಟ್ಟರೆ ಮೂರು ಚಿಹ್ನೆ ಕಲಿಯುವ ಕಡೆ ಒಂದೇ ಕಲಿತರೆ ಸಾಕು. ಓತ್ವವನ್ನು (ಕೊ) ಕೊನೆಯ ಹತ್ತಿರಕ್ಕೆ ಇಟ್ಟುಕೊಳ್ಳಿ. ಅದರಲ್ಲಿ ತಲೆಯ ಮೇಲೆ ಏತ್ವವೂ ಇದೆ, ಪಕ್ಕದಲ್ಲಿ ಊಕಾರದ ಕೊಂಬೂ ಇದೆ. ‘ಕೊಡ’ವನ್ನು ‘ಕೂಡ’ ಎಂದು ಓದುವ ಮಗು ಪಕ್ಕದ್ದನ್ನು ನೋಡಿ ತಲೆಯ ಮೇಲಿನದನ್ನು ಬಿಟ್ಟಿದೆ. ‘ಕೆಡ’ ಎನ್ನುವ ಮಗು ಇದರ ಉಲ್ಟಾ. ಐತ್ವ, ಔತ್ವ, ವಟ್ರಸುಳಿಗಳಿಗೆ ಬೇರೆ ದಿನ ಬೇಡ. ಕೈ, ಮೈ, ಮೌನ, ಕೃಷಿ ಎಂದು ಪದಗಳಲ್ಲಿ ಸಿಕ್ಕಾಗ ಹೇಳಿಕೊಟ್ಟರೆ ಆಯಿತು.

ಎಲ್ಲ ಚಿಹ್ನೆಗಳೂ ಅಕ್ಷರಕ್ಕೆ ಒಂದೇ ರೀತಿ ಸೇರುವುದಿಲ್ಲ, ಇದನ್ನು ನಾವು ಮಕ್ಕಳಿಗೆ ಹೇಳುವುದೇ ಇಲ್ಲ. ಇಳಿ, ಗುಡಿಸು, ಏತ್ವ ಬಂದಾಗ ತಲಕಟ್ಟು, ಅಂದರೆ ಅಕ್ಷರದ ತಲೆಯ ಮೇಲಿನ ಗುರುತು, ಹೋಗಿ ಆ ಜಾಗಕ್ಕೆ ಚಿಹ್ನೆ ಬರುತ್ತದೆ. ಕೊಂಬು ಬಂದಾಗ ತಲಕಟ್ಟು ಹಾಗೆಯೇ ಉಳಿದು ಚಿಹ್ನೆ ಪಕ್ಕಕ್ಕೆ ಸೇರುತ್ತದೆ. ಜ, ಟ, ಣ, ಬ, ಲ ಮುಂತಾದವಕ್ಕೆ ತಲಕಟ್ಟೇ ಇಲ್ಲ. ಹಾಗಾಗಿ ಪಾರದರ್ಶಕ ಹಾಳೆಯ ಮೇಲೆ ಚಿಹ್ನೆ ಬರೆದು ಅಕ್ಷರದ ಮೇಲಿಡುವ ಕಲಿಕೋಪಕರಣ ಅಷ್ಟು ಕೆಲಸಕ್ಕೆ ಬರುವುದಿಲ್ಲ. ತಲಕಟ್ಟೂ ಚಿಹ್ನೆಯೂ ಎರಡೂ ಕಾಣುತ್ತವೆ. ಸ್ಲೇಟು ಇದಕ್ಕಿಂತ ಮೇಲು. ‘ಗ’ ಬರೆ. ಅದನ್ನೇ ‘ಗಿ’ ಮಾಡು. ‘ಗೀ’ ಮಾಡು. ದೀರ್ಘ ಅಳಿಸು, ಗುಡಿಸು ಅಳಿಸು, ‘ಗೆ’ ಮಾಡು. ಈಗ ‘ಗೇ’. ಎಲ್ಲಿ ಅಳಿಸಬೇಕು, ಎಲ್ಲಿ ಸೇರಿಸಬೇಕು ಎಂಬುದನ್ನು ಕೈಯೇ ಕಲಿಯುತ್ತದೆ. ದಿನಕ್ಕೆ ಐದು ನಿಮಿಷ ಮಾಡಿದರೂ ಸಾಕು.

ಗುಣಿತದಲ್ಲಿ ಮಕ್ಕಳನ್ನು ಹೆಚ್ಚು ಬೀಳಿಸುವುದು ವ ಮತ್ತು ಮ. ‘ಮ’ ಎಂಬುದು ಕಣ್ಣಿಗೆ ‘ವ’ದ ಪಕ್ಕ ಕೊಂಬು ಇಟ್ಟಂತೆಯೇ ಕಾಣುತ್ತದೆ. ಅದಕ್ಕೇ ‘ವು’ ಬರೆಯುವಾಗ ಕೊಂಬು ಪಕ್ಕಕ್ಕೆ ಬಾರದೆ ಕೆಳಗೆ ಸೇರುತ್ತದೆ, ‘ಪು’ವಿನಲ್ಲೂ ಹಾಗೆಯೇ. ‘ಮಿ’ ನೋಡಿದರೆ ಗುಡಿಸು ಇರುವುದು ಎಡಗಡೆಯ ಭಾಗದ ಮೇಲೆ. ಮಗುವಿಗೆ ಮೊದಲು ‘ವಿ’ ಕಾಣುತ್ತದೆ, ಆಮೇಲೆ ಒಂದು ಕೊಂಬು ಕಾಣುತ್ತದೆ. ‘ಮಿಡಿ’ಯನ್ನು ‘ವಿಡಿ’ ಎಂದು ಓದುವುದು ಅಜಾಗರೂಕತೆಯಲ್ಲ, ಮಗು ಕಂಡದ್ದನ್ನೇ ಓದಿದೆ. ಇದಕ್ಕೆಂದೇ ಎರಡು ದಿನ ಎತ್ತಿಡಿ. ವಿ–ಮಿ, ವೆ–ಮೆ, ವು–ಮು, ವೊ–ಮೊ ಜೋಡಿಗಳನ್ನು ಕಾರ್ಡಿನಲ್ಲಿ ಬರೆದು ಎರಡು ಗುಂಪಾಗಿ ಬೇರ್ಪಡಿಸಲು ಕೊಡಿ. ಕಾರ್ಡಿಗೆ ಹಳೆಯ ಲಗ್ನಪತ್ರಿಕೆಯ ಹಿಂಬದಿ ಚೆನ್ನಾಗಿರುತ್ತದೆ, ಗಟ್ಟಿಯೂ ಹೌದು, ಬಿಟ್ಟಿಯೂ ಹೌದು.

ಚಿಹ್ನೆ ಕಲಿತ ದಿನವೇ ಅದು ವಾಕ್ಯದಲ್ಲಿ ಬರಬೇಕು. ಪಠ್ಯಪುಸ್ತಕದಲ್ಲಿ ಎಲ್ಲ ಚಿಹ್ನೆಗಳೂ ಒಟ್ಟಿಗಿರುವುದರಿಂದ ಅದು ಈ ಹಂತಕ್ಕೆ ಆಗುವುದಿಲ್ಲ, ನಾವೇ ಬರೆದುಕೊಳ್ಳಬೇಕು. ಇಳಿ, ಗುಡಿಸು, ಕೊಂಬು ಮೂರೇ ಇರುವ ಒಂದು ತುಣುಕು ಹೀಗಿರಬಹುದು:

ಇದು ಕಾಡಿನ ದಾರಿ. ದಾರಿಯ ಬದಿ ಮಾವಿನ ಮರ. ಮರದಡಿ ಕುರಿ, ಕುರಿಮರಿ. ರಾಜು ಬಾ, ಕುರಿಮರಿ ಹಿಡಿ.

ಓದಿದ ಮೇಲೆ ‘ಕುರಿಮರಿ ಎಲ್ಲಿತ್ತು?’ ಎಂದು ಕೇಳಿ. ಉತ್ತರ ಬಾರದಿದ್ದರೆ ಮಗು ಅಕ್ಷರ ಉಚ್ಚರಿಸಿದೆ, ಓದಿಲ್ಲ. ಅದೇ ನಾಲ್ಕು ಸಾಲನ್ನು ಇನ್ನೊಮ್ಮೆ ಓದಿಸಿ; ಎರಡನೇ ಸಲಕ್ಕೆ ಸಾಮಾನ್ಯವಾಗಿ ಅರ್ಥ ಹತ್ತುತ್ತದೆ.

ಒತ್ತಕ್ಷರ

ಬರೆದ ಕ್ರಮವೇ ಬೇರೆ, ಹೇಳುವ ಕ್ರಮವೇ ಬೇರೆ. ಒತ್ತಕ್ಷರದ ತೊಡಕೆಲ್ಲ ಇಲ್ಲೇ ಇದೆ. ‘ಹಲ್ಲು’ ಪದದಲ್ಲಿ ಕೊಂಬು ಅಂಟಿಕೊಂಡಿರುವುದು ಮೇಲಿನ ಲ ಅಕ್ಷರಕ್ಕೆ, ಉಚ್ಚಾರದಲ್ಲಿ ಬರುವುದು ಒತ್ತಿನ ನಂತರ. ಮಗು ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ ಪ್ರಾಮಾಣಿಕವಾಗಿ ಓದಿ ‘ಹಲುಲ’ ಎನ್ನುತ್ತದೆ. ‘ಪ್ರೀತಿ’ ‘ಪೀರತಿ’ ಆಗುವುದೂ ಹೀಗೆಯೇ. ‘ಸೂರ್ಯ’ವನ್ನು ಅರ್ಕಾವತ್ತು ಹಾಕಿ ಬರೆದಿದ್ದರೆ ಇನ್ನೂ ಕಷ್ಟ: ಮೊದಲು ಹೇಳಬೇಕಾದ ರಕಾರ ಬರಹದಲ್ಲಿ ಕೊನೆಗಿರುತ್ತದೆ.

ಹೇಳಿಕೊಡುವ ಮಾತು ಚಿಕ್ಕದಾಗಿರಲಿ: ಮೇಲಿನದು ಅರ್ಧ, ಕೆಳಗಿನದು ಪೂರ್ತಿ, ಚಿಹ್ನೆ ಕೊನೆಗೆ. ಒಂದು ಚೀಟಿಯಿಂದ ಚಿಹ್ನೆಯನ್ನೂ ಒತ್ತನ್ನೂ ಮುಚ್ಚಿ ಮೇಲಿನ ವ್ಯಂಜನ ಮಾತ್ರ ತೋರಿಸಿ, ಅದನ್ನು ಅರ್ಧ ಹೇಳಿಸಿ, ಒತ್ತು ತೋರಿಸಿ, ಕೊನೆಗೆ ಚಿಹ್ನೆ. ಇದನ್ನು ನಾಲ್ಕೈದು ಪದಗಳಲ್ಲಿ ಮಾಡಿದ ಮೇಲೆ ಮಗು ತಾನೇ ಬೆರಳಿಂದ ಮುಚ್ಚಿಕೊಂಡು ಓದಲು ತೊಡಗುತ್ತದೆ.

ಶುರು ಮಾಡುವುದು ಚಿಹ್ನೆಯಿಲ್ಲದ ಸಜಾತೀಯದಿಂದ: ಅಕ್ಕ, ಅಪ್ಪ, ಅಜ್ಜ, ಅಣ್ಣ. ಮೇಲೂ ಕೆಳಗೂ ಒಂದೇ ಅಕ್ಷರವಾದ್ದರಿಂದ ಕ್ರಮದ ಗೊಂದಲವೇ ಇಲ್ಲ. ಆಮೇಲೆ ಚಿಹ್ನೆಯಿರುವ ಕಪ್ಪೆ, ಹಲ್ಲು, ಬೆಣ್ಣೆ. ಒತ್ತಿನ ಆಕಾರವೂ ಮುಖ್ಯ. ಕ, ಗ, ಚ, ಪ, ದ, ಡ ಒತ್ತುಗಳು ತಲಕಟ್ಟು ಕಳೆದುಕೊಂಡ ಮೂಲ ಅಕ್ಷರಗಳೇ, ಕಣ್ಣು ಗುರುತಿಸುತ್ತದೆ. ತ, ನ, ಮ, ಯ, ರ, ಲ ಒತ್ತುಗಳು ಮೂಲ ಅಕ್ಷರದಂತೆ ಕಾಣುವುದಿಲ್ಲ. ಈ ಆರನ್ನು ಹೊಸ ಅಕ್ಷರಗಳೆಂದೇ ಭಾವಿಸಿ ಒಂದೊಂದಕ್ಕೂ ಒಂದು ದಿನ ಕೊಡಿ, ಗೋಡೆಯ ಮೇಲೆ ಆರೂ ಒತ್ತುಗಳ ಪಟ್ಟಿ ತೂಗುಹಾಕಿ. ಅತ್ತೆ, ಅನ್ನ, ಅಮ್ಮ, ಅಯ್ಯ, ಹಲ್ಲು ಮಕ್ಕಳ ಬಾಯಲ್ಲೇ ಇವೆ; ರ ಒತ್ತಿಗೆ ಮಾತ್ರ ಚಂದ್ರ, ಹತ್ರ ಥರದವು ಬೇಕಾಗುತ್ತವೆ.

ಹೊತ್ತು ಎಲ್ಲಿದೆ

ಇಬ್ಬರೇ ಶಿಕ್ಷಕರಿರುವ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಒಬ್ಬರು ಒಂದರಿಂದ ಮೂರರವರೆಗೆ ನಲಿಕಲಿ ನೋಡಿಕೊಂಡರೆ ಇನ್ನೊಬ್ಬರ ಪಾಲಿಗೆ ನಾಲ್ಕು ಮತ್ತು ಐದು, ಎರಡು ತರಗತಿಯ ಎಲ್ಲ ವಿಷಯ. ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆಯ ಪ್ರಕಾರ 60 ಮಕ್ಕಳವರೆಗೆ ಇಬ್ಬರೇ ಶಿಕ್ಷಕರು. ಇದರಲ್ಲಿ ಶಾಲೆ ಬಿಟ್ಟ ಮೇಲೆ ವಿಶೇಷ ತರಗತಿ ಎಂಬುದು ಕಾಗದದ ಮೇಲೆ ಉಳಿಯುತ್ತದೆ, ಮಕ್ಕಳಿಗೂ ದಣಿವಾಗಿರುತ್ತದೆ. ಬೆಳಗಿನ ಮೊದಲ ಕನ್ನಡ ಅವಧಿಯಲ್ಲೇ ಮೂವತ್ತು ನಿಮಿಷ ತೆಗೆಯುವುದು ಉತ್ತಮ. ನಾಲ್ಕು, ಐದು ಎರಡನ್ನೂ ಸೇರಿಸಿ, ಒಂದೇ ಜಾಗದಲ್ಲಿ ನಿಂತಿರುವ ಆರರಿಂದ ಎಂಟು ಮಕ್ಕಳನ್ನು ಹತ್ತಿರ ಕೂರಿಸಿಕೊಳ್ಳಿ. ಎಂಟಕ್ಕಿಂತ ಹೆಚ್ಚಾದರೆ ಒಬ್ಬೊಬ್ಬರ ಓದು ಕೇಳಲು ಆಗುವುದಿಲ್ಲ, ಮತ್ತೆ ಗುಂಪಿನ ಓದಾಗುತ್ತದೆ. ಗುಂಪಿನ ಓದಿನಲ್ಲಿ ಬಾರದ ಮಗು ಅರ್ಧ ಕ್ಷಣ ತಡವಾಗಿ ಇತರರ ದನಿ ಹಿಡಿದು ಹೇಳುತ್ತದೆ. ಕೇಳಲು ಚೆನ್ನಾಗಿರುತ್ತದೆ, ಕಲಿಕೆ ಏನೂ ಇರುವುದಿಲ್ಲ.

ನಿನ್ನೆಯದರ ಓದು ಐದು ನಿಮಿಷ, ಹೊಸ ಚಿಹ್ನೆ ಎಂಟು ಹತ್ತು ನಿಮಿಷ, ಸ್ಲೇಟು ಐದು, ಉಳಿದದ್ದು ಪೂರ್ತಿ ಒಬ್ಬೊಬ್ಬರಾಗಿ ವಾಕ್ಯ ಓದುವುದು. ಓದಲು ಬರುವ ಮಕ್ಕಳಿಗೆ ಆ ಹೊತ್ತಿಗೆ ನಿಮ್ಮ ಅಗತ್ಯವಿಲ್ಲದ ಕೆಲಸ ಬೇಕು: ಗ್ರಂಥಾಲಯದ ಕಥೆ ಓದಿ ಐದು ಪ್ರಶ್ನೆ ತಯಾರಿಸುವುದು, ಪಾಠದ ಒಂದು ಭಾಗವನ್ನು ಸಂಭಾಷಣೆಯಾಗಿ ಬರೆಯುವುದು. ಅವರನ್ನು ಸಹಾಯಕರಾಗಿ ಕೂರಿಸುವುದಿದ್ದರೆ ಒಂದು ನಿಯಮ ಮಾಡಿ: ಪಕ್ಕದವನು ತಡವರಿಸಿದರೆ ಮನಸ್ಸಲ್ಲೇ ಐದರವರೆಗೆ ಎಣಿಸಿ ಆಮೇಲೆ ಹೇಳಬೇಕು. ಇಲ್ಲವಾದರೆ ಜಾಣ ಮಗುವೇ ಎಲ್ಲವನ್ನೂ ಓದಿ ಮುಗಿಸುತ್ತದೆ. ಈ ಗುಂಪಿಗೆ ‘ನಿಧಾನ ಕಲಿಕೆಯವರು’ ಎಂದು ಹೆಸರಿಡಬೇಡಿ, ಬೇರೆ ಬೆಂಚನ್ನೂ ಗೊತ್ತು ಮಾಡಬೇಡಿ. ಮಕ್ಕಳು ಅದನ್ನು ಆಟದ ಬಯಲಿಗೂ ಒಯ್ಯುತ್ತಾರೆ.

ಎಂಟನೇ ತರಗತಿಗೆ ಇದೇ ತೊಂದರೆಯೊಂದಿಗೆ ಬಂದ ಮಕ್ಕಳಿಗೆ ಕ್ರಮ ಇದೇ, ಪದಗಳು ಬೇರೆ. ಹದಿಮೂರರ ಹುಡುಗ ‘ಗರಗಸ’, ‘ಕುರಿಮರಿ’ ಓದಲು ನಾಚುತ್ತಾನೆ. ಬಸ್ಸಿನ ಬೋರ್ಡು, ಊರಿನ ಹೆಸರುಗಳು, ಆಟಗಾರರ ಹೆಸರು, ದಿನಪತ್ರಿಕೆಯ ಕ್ರೀಡಾ ಪುಟದ ತಲೆಬರಹಗಳಲ್ಲಿ ಎಲ್ಲ ಒತ್ತುಗಳೂ ಸಿಗುತ್ತವೆ.

ಮೂವತ್ತು ನಿಮಿಷ ಸಿಕ್ಕಿದರೂ ದಿನಗಳು ಸಿಗುತ್ತಿಲ್ಲ ಎಂಬುದು ಈಗಿನ ನಿಜವಾದ ಸಂಕಟ. 2025ರ ಸೆಪ್ಟೆಂಬರ್ 22ರಿಂದ ನಡೆದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರು ಮನೆಮನೆ ತಿರುಗಿದರು. ಸರ್ಕಾರಿ, ಅನುದಾನಿತ ಶಾಲೆಗಳ ದಸರಾ ರಜೆ ಅಕ್ಟೋಬರ್ 18ರವರೆಗೆ ವಿಸ್ತರಣೆಯಾಯಿತು. 2027ರ ಜನಗಣತಿ ಎದುರಿಗಿದೆ. ಮತದಾರರ ಪಟ್ಟಿಯ ಬಿಎಲ್‌ಒ ಕೆಲಸ, ಮಕ್ಕಳ ವಿವರ ತುಂಬುವ ಎಸ್‌ಎಟಿಎಸ್ ಆನ್‌ಲೈನ್ ನಮೂದು, ಮೊಟ್ಟೆಯ ಲೆಕ್ಕ, ತರಬೇತಿಗಳು ವರ್ಷವಿಡೀ ಇವೆ. ಆರ್‌ಟಿಇ ಕಾಯ್ದೆಯ 27ನೇ ಸೆಕ್ಷನ್ ಶಿಕ್ಷಕರನ್ನು ಶೈಕ್ಷಣಿಕವಲ್ಲದ ಕೆಲಸಕ್ಕೆ ಹಚ್ಚಬಾರದು ಎನ್ನುತ್ತದೆ; ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಇವಿಷ್ಟೇ ವಿನಾಯಿತಿ. ಓದು ಬಂದ ಮಗು ಒಂದು ತಿಂಗಳ ರಜೆಯಲ್ಲಿ ಹೆಚ್ಚೇನೂ ಕಳೆದುಕೊಳ್ಳುವುದಿಲ್ಲ. ಏತ್ವದ ಹಂತದಲ್ಲಿದ್ದ ಮಗು ಇಳಿ, ಗುಡಿಸಿಗೆ ವಾಪಸಾಗಿರುತ್ತದೆ. ಈ ನಷ್ಟ ಯಾವ ವರದಿಯಲ್ಲೂ ಕಾಣುವುದಿಲ್ಲ ಎನ್ನುವುದು ನನಗೆ ತುಂಬ ನೋವಿನ ವಿಷಯ. ಶಿಕ್ಷಕರ ಸಂಘಗಳು ಮನವಿ ಕೊಡುವಾಗ ಕೆಲಸದ ಹೊರೆಯ ಜೊತೆಗೆ ಇದನ್ನೂ ಬರೆಯಬೇಕು.

ನಮ್ಮ ಕೈಲಿರುವುದು ಒಂದು ನೋಟ್‌ಬುಕ್. ಮಗುವಿಗೊಂದು ಪುಟ: ದಿನಾಂಕ, ಕಲಿಸಿದ ಚಿಹ್ನೆ, ಮಗು ತಪ್ಪಾಗಿ ಹೇಳಿದ ಪದ ಹೇಳಿದ ಹಾಗೆಯೇ, ನಾಳೆ ಏನು. ನಾವು ಒಒಡಿ (ಬೇರೆ ಕರ್ತವ್ಯ) ಮೇಲೆ ಹೋದಾಗ ಇನ್ನೊಬ್ಬ ಶಿಕ್ಷಕರೋ, ವರ್ಷದ ನಡುವೆ ಬಂದ ಅತಿಥಿ ಶಿಕ್ಷಕರೋ ಇದನ್ನು ತೆರೆದು ಅಲ್ಲಿಂದಲೇ ಮುಂದುವರಿಸಬಹುದು. ದೀರ್ಘ ರಜೆ ಮುಗಿದ ಮೇಲೆ ಮೊದಲ ಎರಡು ದಿನ ಮತ್ತೆ ನಾಲ್ಕು ಸಾಲಿನ ಪರೀಕ್ಷೆ ಮಾಡಿ, ಬೇಕಾದರೆ ಒಂದು ಹಂತ ಹಿಂದಕ್ಕೆ ಹೋಗಿ. ಅದರಿಂದ ಸಮಯ ಹಾಳಾಗುವುದಿಲ್ಲ, ಉಳಿಯುತ್ತದೆ.

ಗುಂಪಿನಿಂದ ಮಗುವನ್ನು ಯಾವಾಗ ಬಿಡಬೇಕು? ಬುನಾದಿ ಓದು, ಲೆಕ್ಕಕ್ಕಾಗಿ ಕೇಂದ್ರ ಸರ್ಕಾರ ತಂದ ನಿಪುಣ್ ಭಾರತ್ ಯೋಜನೆಯ ಗುರಿಯಲ್ಲಿ ಮೂರನೇ ತರಗತಿಯ ಕೊನೆಗೆ ನಿಮಿಷಕ್ಕೆ ಕನಿಷ್ಠ 60 ಪದ ಎಂದಿದೆ. ಕನ್ನಡದಲ್ಲಿ ‘ಹೋಗುತ್ತಿದ್ದಾಳೆ’ ಕೂಡ ಒಂದೇ ಪದ, ‘ಮರ’ ಕೂಡ ಒಂದೇ ಪದ. ವೇಗ ಅಳೆಯುತ್ತಾ ಕೂರುವುದಕ್ಕಿಂತ ಮಗು ಹಿಂದೆ ನೋಡಿರದ ಎಂಟು ಹತ್ತು ವಾಕ್ಯದ ಕಥೆ ಕೊಡಿ. ಮೂರಕ್ಕಿಂತ ಹೆಚ್ಚು ತಪ್ಪಿಲ್ಲದೆ ಓದಿ, ಏನಾಯಿತೆಂದು ತನ್ನ ಮಾತಲ್ಲಿ ಹೇಳಿದರೆ ಬಿಡಬಹುದು.

ಆರು ವಾರ ಬಿಡದೆ ಮಾಡಿಯೂ ಒಂದು ಚಿಹ್ನೆಯೂ ನಿಲ್ಲುತ್ತಿಲ್ಲ ಎಂದರೆ ಮೊದಲು ಕಣ್ಣು, ಕಿವಿ ನೋಡಿ. ಒಂದೇ ಪದವನ್ನು ಹತ್ತಿರದ ಕಾರ್ಡಿನಲ್ಲೂ ಹತ್ತು ಅಡಿ ದೂರದ ಬೋರ್ಡಿನಲ್ಲೂ ತೋರಿಸಿ. ಬೆನ್ನ ಹಿಂದೆ ನಿಂತು ಮೆಲ್ಲಗೆ ಹೆಸರು ಕರೆಯಿರಿ. ಮಕ್ಕಳ ಆರೋಗ್ಯ ತಪಾಸಣೆಗೆ ಶಾಲೆಗೆ ಬರುವ ಆರ್‌ಬಿಎಸ್‌ಕೆ ತಂಡಕ್ಕೆ ಆ ಮಗುವನ್ನು ಹೆಸರು ಹಿಡಿದು ತೋರಿಸಿ. ಅಕ್ಷರ ತಿರುಗುಮುರುಗಾಗುವುದು, ನಿನ್ನೆ ಬಂದದ್ದು ಇಂದು ಪೂರ್ತಿ ಅಳಿಸಿಹೋಗುವುದು ತಿಂಗಳುಗಟ್ಟಲೆ ನಡೆದರೆ ಬಿಆರ್‌ಸಿಯಲ್ಲಿರುವ (ಬ್ಲಾಕ್ ಸಂಪನ್ಮೂಲ ಕೇಂದ್ರ) ಬಿಐಇಆರ್‌ಟಿ, ಅಂದರೆ ವಿಶೇಷ ಅಗತ್ಯವುಳ್ಳ ಮಕ್ಕಳ ಸಂಪನ್ಮೂಲ ಶಿಕ್ಷಕರು, ಅವರಿಗೆ ಬರೆದು ತಿಳಿಸಿ, ನಿಮ್ಮ ನೋಟ್‌ಬುಕ್ಕಿನ ಆ ಪುಟದ ಪ್ರತಿಯನ್ನೂ ಜೊತೆಗಿಡಿ. ‘ಓದಲು ಬರುವುದಿಲ್ಲ’ ಎಂಬ ಒಂದು ಸಾಲಿಗಿಂತ ಆ ಪುಟ ಅವರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.